ಹಗುರ ಬಂಡಿಯ ಹೊರೆ

ಹೆಸರನ್ನು ನಂಬಿ ಹೊರಟವನು ದಾರಿ ತಪ್ಪುವುದುಂಟು. 'ಮೆಟ್ರೋ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಬೆಂಗಳೂರಿನ ವಾಚಕರು ತಲೆಯೆತ್ತಿ ಕಂಬಗಳ ಮೇಲಣ ಸೇತುವೆಯನ್ನು ನೋಡುತ್ತಾರೆ. ದಿಲ್ಲಿಯನ್ನೋ ಕಲಕತ್ತೆಯನ್ನೋ ಕಂಡು ಬಂದವರು ತಲೆ ತಗ್ಗಿಸಿ ನೆಲದಡಿಯ ಸುರಂಗವನ್ನು ನೆನೆಯುತ್ತಾರೆ. ಉತ್ತರ ಆಫ್ರಿಕದ ಟ್ಯುನೀಷಿಯ ದೇಶಕ್ಕೆ ರಾಜಧಾನಿಯಾದ ಟ್ಯೂನಿಸ್ ನಗರದಲ್ಲಿ ಮೆಟ್ರೋ ಎಲ್ಲಿದೆಯೆಂದು ಕೇಳುವವನು ತಲೆಯನ್ನು ಎತ್ತಲೂ ಬೇಡ, ತಗ್ಗಿಸಲೂ ಬೇಡ. ನೇರವಾಗಿ ಎದುರಿಗೆ ನೋಡಿದರೆ ಸಾಕು. ಬೀದಿಯ ನಡುವೆಯೇ ಹಾಸಿದ ಕಂಬಿಗಳ ಮೇಲೆ, ತಲೆಯ ಮೇಲೊಂದು ತಂತಿಯನ್ನು ಹಿಡಿದುಕೊಂಡು, ನಾಲ್ಕು ದಾರಿ ಸೇರುವೆಡೆಯಲ್ಲಿ ಎಲ್ಲರಂತೆ ತಾನೂ ದೀಪಕ್ಕೆ ಕಾಯುತ್ತ, ಜೋಡಿಬಂಡಿಯೊಂದು ನಿಧಾನವಾಗಿ ಬರುತ್ತಿರುತ್ತದೆ. ಅದೇ ಅವರ ಮೆಟ್ರೋ.

"ಇದು ಟ್ರಾಮಲ್ಲವೆ?" ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಅದನ್ನು ಮಾಡಿಸಿದವರಿಗೂ ಈ ಸಂಕೋಚ ಇದ್ದಿರಬೇಕು. ಆದುದರಿಂದಲೇ ಅವರು ಹೆಸರಿಗೊಂದು ವಿಶೇಷಣವನ್ನು ಅಂಟಿಸಿದರು. ಫ್ರೆಂಚಿನಲ್ಲಿ 'ಮೆಟ್ರೋ ಲೇಝೆ', ಅರಬ್ಬಿಯಲ್ಲಿ 'ಅಲ್ ಮೆತ್ರೋ ಅಲ್ ಖಫೀಫ್' - ಎರಡಕ್ಕೂ ಹಗುರವಾದ ಮೆಟ್ರೋ ಎಂದೇ ಅರ್ಥ. ಜನಸಾಮಾನ್ಯರು ಮಾತ್ರ ವಿಶೇಷಣದ ಗೊಡವೆಗೆ ಹೋಗದೆ ಬರಿಯ 'ಮೆತ್ರೋ' ಎಂದೇ ಕರೆಯುತ್ತಾರೆ. ವ್ಯಾಕರಣವನ್ನು ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ವಿಶೇಷಣದ ಮೇಲೆಯೇ ಕಣ್ಣು. ಹಗುರವೆಂದರೇನು? ಬಂಡಿಯ ತೂಕ ಕಡಮೆಯೆಂದು ತಿಳಿಯಬಾರದು. ಹತ್ತಾರು ಟನ್ನು ತೂಗುವ ಉಕ್ಕಿನ ಬಂಡಿ ಅದು. ಸುರಂಗ ತೋಡದೆ, ಮೇಲುಸೇತುವೆ ಕಟ್ಟದೆ, ಇದ್ದ ನೆಲದ ಮೇಲೆ ಇದ್ದ ಹಣದಲ್ಲಿ ಕಂಬಿ ಹಾಸಿಕೊಂಡು ಹೋಗುವ ಏರ್ಪಾಟಾದುದರಿಂದ ಖಜಾನೆಗೆ ಹಗುರ, ಅಷ್ಟೆ. ಆ ಹಗುರತನದ ಕಥೆಯನ್ನೂ, ಹಗುರವಾಗಿ ಹುಟ್ಟಿದ ವಸ್ತು ಹೊತ್ತುಕೊಂಡ ಭಾರದ ಕಥೆಯನ್ನೂ ಈ ವಾರ ವಾಚಕರ ಮುಂದಿಡಬೇಕೆಂದು ಮನಸ್ಸಾಗಿದೆ.

ನಾನು ಆ ನಗರವನ್ನು ಕಣ್ಣಾರೆ ಕಂಡವನಲ್ಲ. ನಕ್ಷೆಯನ್ನೂ ಪುಸ್ತಕಗಳನ್ನೂ ಹರಡಿಕೊಂಡು ಕುಳಿತೇ ಅಲ್ಲಿಗೆ ಹೋಗಿ ಬಂದವನು. ನಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನೀರು. ಮೂಡಲಲ್ಲಿ ಟ್ಯೂನಿಸ್ ಸರೋವರ. ಅದರಾಚೆಗೆ ಮೆಡಿಟರೇನಿಯನ್ ಸಮುದ್ರ. ನೈಋತ್ಯದಲ್ಲಿ ಸಿಜೂಮಿ ಎಂಬ ಉಪ್ಪುನೀರಿನ ಹರವು. ಎರಡರ ನಡುವಣ ದಿಬ್ಬದ ಮೇಲೆ ಸಾವಿರದ ಮುನ್ನೂರು ವರ್ಷಗಳಿಂದ ಬಾಳುತ್ತ ಬಂದ ಹಳೆಯ ಊರು, ಮದೀನ. ಅದರ ನಡುವೆ ಝೈತೂನ ಮಸೀದಿ. ಅಲ್ಲಿನ ಓಣಿಗಳು ಹೊರೆಹೊತ್ತ ಕತ್ತೆಯೊಂದು ಎದುರಾದರೆ ಗೋಡೆಗೊರಗಿ ನಿಲ್ಲಬೇಕಾದಷ್ಟು ಇಕ್ಕಟ್ಟು. ೧೮೮೧ರಲ್ಲಿ ಫ್ರೆಂಚರು ಬಂದು ದೇಶವನ್ನು ತಮ್ಮ ರಕ್ಷಣೆಗೆ ಒಳಪಡಿಸಿಕೊಂಡ ತರುವಾಯ ಮದೀನದ ಬಾಗಿಲಿಗೂ ಸರೋವರದ ದಂಡೆಗೂ ನಡುವೆ ನೇರ ಬೀದಿಗಳ ಹೊಸ ಊರು ಬೆಳೆಯಿತು. ಆ ಕೆಳಗಣ ಊರಿನ ನೆಲ ಬಹುಮಟ್ಟಿಗೆ ಸರೋವರದ ಕೆಸರು ತುಂಬಿ ಗಟ್ಟಿಯಾದುದು. ಮೇಲೆ ಇಕ್ಕಟ್ಟು, ಕೆಳಗೆ ಕೆಸರು. ಇಂಥ ನೆಲದಲ್ಲಿ ಸುರಂಗ ತೋಡುವ ಮಾತು ಶ್ರೀಮಂತರಿಗೂ ಎದೆನಡುಕ ಹುಟ್ಟಿಸುವಂಥದು. ಹಗುರ ಬಂಡಿಗೆ ಅಲ್ಲಿ ಎಡೆ ದೊರೆತುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕಂಬಿಯ ಮೇಲಿನ ಪ್ರಯಾಣ ಆ ಊರಿಗೆ ಹೊಸದೇನೂ ಆಗಿರಲಿಲ್ಲ. ೧೮೭೨ರಲ್ಲಿಯೇ ಇಂಗ್ಲಿಷರು ಪಡೆದ ಪರವಾನಗಿಯ ಮೇಲೆ ಟ್ಯೂನಿಸಿನಿಂದ ಸಮುದ್ರತೀರದ ಗೂಲೆಟ್ ಎಂಬ ರೇವಿಗೆ ಹೊಗೆಬಂಡಿ ಓಡಿತು. ದೇಶದ ಮೊತ್ತಮೊದಲ ರೈಲುಮಾರ್ಗವೇ ಅದು. ೧೮೮೦ರಲ್ಲಿ ಇಟಲಿಯ ರುಬಾತ್ತಿನೋ ಎಂಬ ಸಂಸ್ಥೆ ಅದನ್ನು ಕೊಂಡಿತು. ಮರುವರ್ಷವೇ ಫ್ರೆಂಚರ ಸೈನ್ಯ ಬಂದಿತು. ಗಿಡುಗ ಗಿಡುಗಗಳ ಜಗಳದಲ್ಲಿ ಒಂದು ಸಣ್ಣ ರೈಲುಮಾರ್ಗವೂ ಮಾಂಸದ ತುಂಡಾದ ಕಾಲ ಅದು. ೧೯೦೮ರಲ್ಲಿ ಆ ದಾರಿಗೆ ವಿದ್ಯುತ್ತು ಬಂದಿತು. ಇಂದಿಗೂ ಸುಮಾರು ೧೯ ಕಿಲೋಮೀಟರಿನ ಈ ಮಾರ್ಗ ಸರೋವರದ ನಡುವಣ ಏರಿಯ ಮೇಲೆ, ಎರಡು ಕಡೆಗೂ ನೀರು, ನೀರಿನಲ್ಲಿ ಕೆಂಬಣ್ಣದ ರಾಜಹಂಸಗಳು, ಹೀಗೆ ಸಾಗಿ, ಗೂಲೆಟನ್ನು ದಾಟಿ ಮಾರ್ಸ ಎಂಬ ಊರಿನವರೆಗೆ ಹೋಗುತ್ತದೆ. ದಾರಿಯ ನಿಲ್ದಾಣಗಳ ಹೆಸರುಗಳನ್ನು ಕೇಳಿದರೆ ಇತಿಹಾಸದ ಮೇಷ್ಟರಿಗೆ ಮೈ ಜುಮ್ಮೆನ್ನಬೇಕು: ಕಾರ್ಥೇಜ್ ಸಲಾಂಬೊ, ಕಾರ್ಥೇಜ್ ಬಿರ್ಸ, ಕಾರ್ಥೇಜ್ ಹ್ಯಾನಿಬಾಲ್, ಕಾರ್ಥೇಜ್ ಅಮಿಲ್ಕಾರ್! ಆನೆಗಳನ್ನು ಹೊಡೆದುಕೊಂಡು ಆಲ್ಪ್ಸ್ ಪರ್ವತವನ್ನೇ ದಾಟಿದ ಹ್ಯಾನಿಬಾಲನ ಹೆಸರು ಈಗ ಸಂಜೆ ತರಕಾರಿಯ ಚೀಲ ಹಿಡಿದು ಇಳಿಯುವವರ ನಿಲ್ದಾಣಕ್ಕೆ ಸಂದಿದೆ.

ಊರೊಳಗೆ ಟ್ರಾಮುಗಳೂ ಇದ್ದುವು. ಮೊದಲು ಕುದುರೆ ಎಳೆದುವು, ಮುಂದೆ ವಿದ್ಯುತ್ತು ಎಳೆಯಿತು. ಸ್ವಾತಂತ್ರ್ಯ ಬಂದುದು ೧೯೫೬ರ ಮಾರ್ಚಿಯಲ್ಲಿ. ೧೯೬೦ರ ಹೊತ್ತಿಗೆ ಟ್ರಾಮುಗಳು ಮೂಲೆಗೆ ಸೇರಿದ್ದುವು. ಇದಕ್ಕಾಗಿ ಟ್ಯೂನಿಸಿನವರನ್ನು ಮಾತ್ರ ಹಳಿದು ಫಲವಿಲ್ಲ. ಆ ಕಾಲದ ಗಾಳಿಯೇ ಹಾಗಿತ್ತು. ನಮ್ಮವರು ಅನೇಕರು ಸಂಸಾರ ಹೂಡಿದ್ದ ಮದರಾಸಿನಲ್ಲಿ ೧೯೫೩ರಲ್ಲಿ ಟ್ರಾಮು ನಿಂತಿತು, ಮುಂಬಯಿಯಲ್ಲಿ ೧೯೬೪ರಲ್ಲಿ. ಕಂಬಿಗೆ ಕಟ್ಟುಬಿದ್ದ ಬಂಡಿ ಹಳೆಯದು, ರಬ್ಬರಿನ ಗಾಲಿಯ ಬಸ್ಸು ಹೊಸದು. ಕಂಬಿ ಕೀಳುವುದೇ ನಾಗರಿಕತೆ ಎಂದು ಎಲ್ಲೆಲ್ಲಿಯೂ ಬಗೆದ ದಿನಗಳು ಅವು.

ಕಿತ್ತುದನ್ನು ಮತ್ತೆ ಹಾಸುವ ಪ್ರಸಂಗ ಬೇಗನೆ ಬಂದಿತು. ಹಳ್ಳಿಗಳಿಂದ ಜನ ರಾಜಧಾನಿಗೆ ಹರಿದು ಬಂದರು. ಮದೀನದ ಗೋಡೆಯೊಳಗೂ ಫ್ರೆಂಚರ ಬೀದಿಗಳಲ್ಲಿಯೂ ಹಿಡಿಸಲಾರದವರು ಊರ ಅಂಚಿನ ಹೊಲಗಳಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಮನೆ ಕಟ್ಟಿಕೊಂಡರು. ಕೆಲಸ ನಗರದ ನಡುವೆ, ಮನೆ ನಗರದ ಹೊರಗೆ. ನಡುವೆ ಇದ್ದುದು ತುಂಬಿ ವಾಲುವ ಬಸ್ಸು. ೧೯೮೧ರಲ್ಲಿ ಟ್ಯೂನಿಸಿನ ಹಗುರ ಮೆಟ್ರೋ ಸಂಸ್ಥೆಯೆಂಬುದೊಂದು ಹುಟ್ಟಿತು. ಬಂಡಿಗಳನ್ನು ಪಶ್ಚಿಮ ಜರ್ಮನಿಯಿಂದ ತರಿಸುವುದೆಂದಾಯಿತು. ಹ್ಯಾನೋವರ್ ನಗರದಲ್ಲಿ ೧೯೭೪ರ ಸುಮಾರಿನಿಂದ ಓಡುತ್ತಿದ್ದ ಒಂದು ಒಳ್ಳೆಯ ಮಾದರಿಯನ್ನೇ ಟ್ಯೂನಿಸಿಗೆ ಹೊಂದುವಂತೆ ತಿದ್ದಿ ಕಟ್ಟಿದರು. ಕಂಬಿ ಹಾಸುತ್ತಿದ್ದ ಆ ವರ್ಷಗಳು ಸುಖದ ವರ್ಷಗಳೇನಲ್ಲ. ೧೯೮೩ರ ಕೊನೆಯಲ್ಲಿ ಸರಕಾರ ರೊಟ್ಟಿಯ ಬೆಲೆಯನ್ನು ಇಮ್ಮಡಿ ಮಾಡಿದಾಗ ದೇಶವೇ ಬೀದಿಗಿಳಿಯಿತು, ರಕ್ತ ಹರಿಯಿತು, ೧೯೮೪ರ ಜನವರಿ ೬ರಂದು ಅಧ್ಯಕ್ಷ ಹಬೀಬ್ ಬುರ್ಗೀಬ ತಾವೇ ಆ ಏರಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ರೊಟ್ಟಿಗೇ ತತ್ವಾರವಿದ್ದ ಕಾಲದಲ್ಲಿ, ಮರುವರ್ಷ, ಅಂದರೆ ೧೯೮೫ರಲ್ಲಿ, ಸರೋವರದ ದಂಡೆಯಿಂದ ತೆಂಕಣ ಕೈಗಾರಿಕೆಯ ಉಪನಗರವಾದ ಬೆನ್ ಅರೂಸಿಗೆ ಮೊದಲ ಬಂಡಿ ಹೊರಟಿತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನೆದರೆ ಆ ಹಗುರ ಬಂಡಿಯ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಅಕ್ಕಪಕ್ಕದ ದೇಶಗಳಿಗೆ ಹೋಲಿಸಿದರೆ ಇದು ಮುಂಗೋಳಿಯ ಕೂಗು. ಈಜಿಪ್ಟಿನ ಕೈರೋ ನಗರದ ಮೆಟ್ರೋ ತೊಡಗಿದುದು ೧೯೮೭ರಲ್ಲಿ. ಆಲ್ಜೀರಿಯದ ರಾಜಧಾನಿ ಆಲ್ಜಿಯರ್ಸಿಗೂ, ಮೊರಾಕೋ ದೇಶದ ರಾಜಧಾನಿ ರಬಾತಿಗೂ ಹೊಸ ಕಾಲದ ಟ್ರಾಮು ಬರಬೇಕಾದರೆ ೨೦೧೧ರವರೆಗೆ ಕಾಯಬೇಕಾಯಿತು. ನಮ್ಮ ಬೆಂಗಳೂರಿನ ಮೆಟ್ರೋ ಮೊದಲು ಓಡಿದುದೂ ಅದೇ ವರ್ಷದ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಟ್ಯೂನಿಸಿನ ಬಂಡಿಗೆ ಇಪ್ಪತ್ತಾರು ತುಂಬಿತ್ತು.

ಮೊದಲ ದಾರಿಯ ಹಿಂದೆ ಇತರ ದಾರಿಗಳು ಬಂದುವು. ೧೯೮೯ರಲ್ಲಿ ಎರಡನೆಯದು, ಬಡಗಣ ಅರಿಯಾನಕ್ಕೆ. ಗುಲಾಬಿಯ ಹೂವಿಗೆ ಹೆಸರಾದ ಊರು ಅದು. ೧೯೯೦ರಲ್ಲಿ ಮೂರನೆಯದು ಇಬ್ನ್ ಖಲ್ದೂನ್ ಬಡಾವಣೆಗೆ, ನಾಲ್ಕನೆಯದು ಬಾರ್ದೋ ದಾರಿಯಾಗಿ ದೆನ್ ದೆನ್ ಎಂಬಲ್ಲಿಗೆ. ೧೯೯೨ರಲ್ಲಿ ಐದನೆಯದು ಇಂತಿಲಾಕಕ್ಕೆ. ೨೦೦೮ರಲ್ಲಿ ಆರನೆಯದು ಮುರೂಜಿಗೆ. ಮರುವರ್ಷ ನಾಲ್ಕನೆಯ ದಾರಿಯನ್ನು ಮನೂಬಾ ವಿಶ್ವವಿದ್ಯಾನಿಲಯದವರೆಗೆ ಎಳೆದರು. ಎಲ್ಲ ಸೇರಿ ಸುಮಾರು ೪೫ ಕಿಲೋಮೀಟರು. ಹೆಸರುಗಳ ಅರ್ಥವನ್ನು ವಿಚಾರಿಸಿದರೆ ಒಂದು ಸಣ್ಣ ಕಾವ್ಯವೇ ಆಗುತ್ತದೆ. ಇಂತಿಲಾಕವೆಂದರೆ ಹೊರಡುವಿಕೆ; ವಿನೋದವೆಂದರೆ, ದಾರಿ ಮುಗಿಯುವುದೇ ಅಲ್ಲಿ. ಅದರ ನೆರೆಯಲ್ಲಿ ಹಳ್ಳಿಯಿಂದ ಬಂದ ಬಡವರು ಕಟ್ಟಿಕೊಂಡ ಕಿಕ್ಕಿರಿದ ಊರು, ಎತ್ತದಾಮುನ್. ಅದಕ್ಕೆ ಒಗ್ಗಟ್ಟು ಎಂದರ್ಥ. ಮುರೂಜ್ ಎಂದರೆ ಹುಲ್ಲುಗಾವಲು. ಇಂದು ಅಲ್ಲಿ ಮೇಯುವ ದನಗಳಿಲ್ಲ, ಅಂತಸ್ತಿನ ಮೇಲೆ ಅಂತಸ್ತಿನ ಮನೆಗಳು. ಇನ್ನು ಮದೀನದ ಸುತ್ತ ಬಾಬ್ ಸಾದೂನ್, ಬಾಬ್ ಅಲೀವ ಎಂಬ ನಿಲ್ದಾಣಗಳು. ಬಾಬ್ ಎಂದರೆ ಬಾಗಿಲು, ಕೋಟೆಯ ಬಾಗಿಲು. (ಬಾಬಿಗೂ ಬಾಗಿಲಿಗೂ ನಂಟು ಹುಡುಕಲು ಯಾವ ಉತ್ಸಾಹಿಯೂ ಹೊರಡಬಾರದಾಗಿ ಪ್ರಾರ್ಥನೆ, ನಂಟಿಲ್ಲ.) ಕೋಟೆಯೊಳಕ್ಕೆ ಹೋಗಲಾರದ ಬಂಡಿ ಬಾಗಿಲಲ್ಲಿ ನಿಂತು ಜನರನ್ನು ಇಳಿಸಿ ಹೋಗುತ್ತದೆ.

ಬಂಡಿಯ ರಹಸ್ಯ ಬಹು ಸರಳ. ಮೇಲಣ ತಂತಿಯಲ್ಲಿ ೭೫೦ ವೋಲ್ಟಿನ ವಿದ್ಯುತ್ತು. ಬಂಡಿಯ ನೆತ್ತಿಯ ಮೇಲಿನ ತೋಳು ಅದನ್ನು ಮುಟ್ಟಿಕೊಂಡು ಶಕ್ತಿಯನ್ನು ಹೀರುತ್ತದೆ. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಿಕ್ಕಾಟ ಬಹಳ ಕಡಮೆ. ಆದುದರಿಂದ ಅಲ್ಪ ಶಕ್ತಿಗೆ ಅಧಿಕ ಹೊರೆ. ಬಂಡಿಯ ನಡುವೆ ಕೀಲುಗಳಿರುವುದರಿಂದ ಬೀದಿಯ ತಿರುವಿನಲ್ಲಿ ಹಾವಿನಂತೆ ಬಳುಕಬಲ್ಲುದು. ಒಂದಕ್ಕೊಂದು ಜೋಡಿಸಿದರೆ ಒಬ್ಬ ಚಾಲಕ ಎರಡು ಬಂಡಿಗಳ ಜನರನ್ನು ಒಯ್ಯಬಲ್ಲನು. ಅಷ್ಟು ಜನಕ್ಕೆ ಬಸ್ಸುಗಳಾದರೆ ಒಂದು ಸಾಲೇ ಬೇಕಾಗುತ್ತದೆ. ಸುರಂಗದ ಮೆಟ್ರೋವಿನ ವೇಗ ಇದಕ್ಕಿಲ್ಲ. ಅಡ್ಡಬೀದಿಯ ಮೋಟಾರಿನವನು ಕಂಬಿಯ ಮೇಲೆ ನಿಂತುಬಿಟ್ಟರೆ ಇದೂ ನಿಲ್ಲಬೇಕು. ಆದರೆ ಮೆಟ್ಟಿಲಿಳಿದು ಪಾತಾಳಕ್ಕೆ ಹೋಗಬೇಕಾಗಿಲ್ಲ. ಕಿಟಕಿಯಾಚೆ ಅಂಗಡಿ, ಮರ, ಮಸೀದಿ, ಪರಿಚಿತರ ಮುಖ, ಎಲ್ಲವೂ ಉಂಟು.

ಇದರಿಂದ ಆದುದೇನು? ಬೆನ್ ಅರೂಸಿನ ಕಾರ್ಖಾನೆಯ ಕೆಲಸಗಾರನೂ, ಅರಿಯಾನದ ಗುಮಾಸ್ತನೂ, ಎತ್ತದಾಮುನಿನಿಂದ ಮನೆಗೆಲಸಕ್ಕೆ ಹೊರಟ ತಾಯಿಯೂ, ಮನೂಬಾದಲ್ಲಿ ಓದುವ ಅವಳ ಮಗಳೂ ಒಂದೇ ನಗರದವರಾದರು. ರಾಜಧಾನಿಯ ಅಂಚಿನಲ್ಲಿ ಮನೆ ಮಾಡಿಕೊಂಡವನಿಗೆ ತಾನು ರಾಜಧಾನಿಯವನೆಂಬ ನೆಚ್ಚಿಕೆ ಬರುವುದು ಭಾಷಣದಿಂದಲ್ಲ. ಬೆಳಗಿನ ಆರು ಗಂಟೆಗೆ ನಿಲ್ದಾಣಕ್ಕೆ ಹೋದರೆ ಬಂಡಿ ಬರುತ್ತದೆಂಬ ಖಾತರಿಯಿಂದ. ನಾಲ್ಕನೆಯ ದಾರಿಯಲ್ಲಿ ಬಾರ್ದೋ ವಸ್ತುಸಂಗ್ರಹಾಲಯವಿದೆ. ರೋಮನರ ಕಾಲದ ಮೊಸಾಯಿಕ್ ಚಿತ್ರಗಳಿಗೆ ಜಗತ್ತಿನಲ್ಲಿಯೇ ಹೆಸರಾದ ಸ್ಥಳ. ಮಹಾಕವಿ ವರ್ಜಿಲನು ಇಬ್ಬರು ಕಲಾದೇವತೆಯರ ನಡುವೆ ಕುಳಿತ ಚಿತ್ರ ಅಲ್ಲಿದೆ. ಉಗುರಗಲದ ಬಣ್ಣದ ಕಲ್ಲುಗಳನ್ನು ಒತ್ತೊತ್ತಾಗಿ ಕೂಡಿಸಿ ಮಾಡಿದ ಕೆಲಸ. ಬಿಡಿಬಿಡಿಯಾಗಿ ನೋಡಿದರೆ ಕಲ್ಲು, ಕೂಡಿಸಿ ನೋಡಿದರೆ ಕವಿ. ಬಾರ್ದೋವಿನ ಮುಂದೆ ಹಾಯ್ದು ಹೋಗುವ ಬಂಡಿಯೂ ನಗರಕ್ಕೆ ಅದೇ ಉಪಕಾರವನ್ನು ಮಾಡುತ್ತಿದೆಯೆಂದರೆ ಹೆಚ್ಚಿನ ಮಾತಾಗಲಾರದು.

ಈಗ ಮೂರನೆಯ ದಾರಿಯ ಕೊನೆಗೆ ಬರೋಣ. ಆ ಬಡಾವಣೆಗೆ ಇಬ್ನ್ ಖಲ್ದೂನನ ಹೆಸರಿದೆ. ೧೩೩೨ರಲ್ಲಿ ಇದೇ ಟ್ಯೂನಿಸಿನಲ್ಲಿ ಹುಟ್ಟಿ, ಅನೇಕ ಅರಸರ ಆಸ್ಥಾನಗಳಲ್ಲಿ ಏಳುಬೀಳುಗಳನ್ನುಂಡು, ೧೪೦೬ರಲ್ಲಿ ಕೈರೋವಿನಲ್ಲಿ ತೀರಿಕೊಂಡ ಮಹಾ ಇತಿಹಾಸಕಾರ ಅವನು. ಅವನ ಪ್ರತಿಮೆ ನಗರದ ಹೆದ್ದಾರಿಯಾದ ಬುರ್ಗೀಬ ರಸ್ತೆಯಲ್ಲಿ ಇಂದಿಗೂ ನಿಂತಿದೆ. ಬಾರ್ಸೆಲೋನ ಚೌಕದಿಂದ ಗಣರಾಜ್ಯ ಚೌಕಕ್ಕೆ ಹೋಗುವ ಬಂಡಿಗಳು ಅದೇ ರಸ್ತೆಯನ್ನು ಅಡ್ಡ ಹಾಯುತ್ತವೆ. ೧೩೭೭ರಲ್ಲಿ ಬರೆದ ತನ್ನ 'ಮುಕದ್ದಿಮ'ದಲ್ಲಿ ಅವನು ಮನೆತನಗಳ ಹಿರಿಮೆ ಹೇಗೆ ಹುಟ್ಟಿ ಹೇಗೆ ಅಳಿಯುವುದೆಂಬುದನ್ನು ವಿಚಾರಿಸಿದ್ದಾನೆ. ಅವನ ಅಭಿಪ್ರಾಯದ ಸಾರ ಇಷ್ಟು: ಕಟ್ಟಿದವನಿಗೆ ತಾನು ತೆತ್ತ ಬೆಲೆ ಗೊತ್ತು. ಅವನ ಮಗ ಕಣ್ಣಾರೆ ಕಂಡವನು, ಬಾಯಾರೆ ಕೇಳಿದವನು. ಮಾಡಿದವನಷ್ಟು ಅಲ್ಲದಿದ್ದರೂ ಬಹುಮಟ್ಟಿಗೆ ಬಲ್ಲನು. ಮೂರನೆಯವನು ಹಿಂದಿನವರ ರೂಢಿಯನ್ನು ಅನುಕರಿಸುತ್ತ ಕಾಲ ತಳ್ಳುವನು. ನಾಲ್ಕನೆಯವನು ಇದೆಲ್ಲ ತನಗೆ ಹುಟ್ಟಿನಿಂದಲೇ ಬಂದುದೆಂದೂ, ಯಾರೂ ದುಡಿದು ಕಟ್ಟಿದುದಲ್ಲವೆಂದೂ ಭಾವಿಸಿ ಎಲ್ಲವನ್ನೂ ಕಳೆಯುವನು. ರಾಜ್ಯಗಳ ಆಯುಸ್ಸನ್ನು ಎಣಿಸುವಾಗ ಅವನು ಒಂದು ತಲೆಮಾರಿಗೆ ನಲವತ್ತು ವರ್ಷಗಳ ಲೆಕ್ಕವನ್ನು ಹಿಡಿದಿದ್ದಾನೆ.

ನಲವತ್ತು ವರ್ಷ! ೧೯೮೫ಕ್ಕೆ ನಲವತ್ತನ್ನು ಕೂಡಿಸಿದರೆ ೨೦೨೫. ತನ್ನ ಹೆಸರಿನ ಬಡಾವಣೆಗೆ ಓಡುವ ಬಂಡಿಗಳನ್ನು ಆ ಮಹಾಶಯ ನೋಡಿದ್ದರೆ, ಒಂದು ತಲೆಮಾರು ಸಂದಿತೆಂದು ಬೆರಳು ಮಡಿಸುತ್ತಿದ್ದನು.

ಆ ತಲೆಮಾರಿನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ೨೦೦೩ರಲ್ಲಿ ಬಸ್ಸಿನ ಸಂಸ್ಥೆಯನ್ನೂ ಮೆಟ್ರೋ ಸಂಸ್ಥೆಯನ್ನೂ ಒಂದುಗೂಡಿಸಿದರು. ೨೦೦೭ರಲ್ಲಿ ಫ್ರಾನ್ಸಿನಿಂದ ಸಿಟಾಡಿಸ್ ಎಂಬ ಹೊಸ ಬಂಡಿಗಳು ಬಂದುವು. ಹಳೆಯ ಜರ್ಮನ್ ಬಂಡಿಗೆ ಮೆಟ್ಟಿಲೇರಿ ಹತ್ತಬೇಕು. ಇದರ ನೆಲ ತಗ್ಗಾದುದರಿಂದ ಮುದುಕರೂ ಮಕ್ಕಳ ತಾಯಂದಿರೂ ನಿರಾಯಾಸವಾಗಿ ಹತ್ತಬಹುದು. ಅದು ಬೆಳವಣಿಗೆಯ ಕಾಲ. ಆ ಬಳಿಕ ೨೦೧೧ರ ಜನವರಿ ೧೪ ಬಂದಿತು. ಬುರ್ಗೀಬ ರಸ್ತೆಯಲ್ಲಿ ನೆರೆದ ಜನಸ್ತೋಮದ ಮುಂದೆ ಇಪ್ಪತ್ತಮೂರು ವರ್ಷಗಳ ಆಳಿಕೆ ಕುಸಿದು, ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದರು. ಜನ ಬಯಸಿದ ಸ್ವಾತಂತ್ರ್ಯ ದೊರೆಯಿತು; ಆದರೆ ಖಜಾನೆ ತುಂಬಲಿಲ್ಲ. ಬಂಡಿಗಳಿಗೆ ವಯಸ್ಸಾಗುತ್ತ ಬಂದಿತು. ಬಿಡಿಭಾಗಗಳಿಗೆ ಹೊರದೇಶದ ಹಣ ಬೇಕು. ಅದು ಕೈಗೆ ಸುಲಭವಾಗಿ ಬಾರದು. ಒಂದು ಬಂಡಿಯನ್ನು ಓಡಿಸಲು ಇನ್ನೊಂದು ಕೆಟ್ಟ ಬಂಡಿಯಿಂದ ಅಂಗಗಳನ್ನು ಕೀಳುವ ಪರಿಸ್ಥಿತಿ ಬಂದರೆ, ಓಡುವ ಬಂಡಿಗಳ ಎಣಿಕೆ ತಗ್ಗುವುದು ಸಹಜ. ಎಣಿಕೆ ತಗ್ಗಿದಷ್ಟೂ ಉಳಿದವುಗಳಲ್ಲಿ ನೂಕುನುಗ್ಗಲು. ನೂಕುನುಗ್ಗಲಿನಲ್ಲಿ ಬಾಗಿಲು ಮುರಿಯುವುದು. ಬಾಗಿಲು ಮುರಿದ ಬಂಡಿ ಮತ್ತೆ ಕೊಟ್ಟಿಗೆಗೆ. ವಿಷಚಕ್ರವೆಂದರೆ ಇದೇ.

ಇದರೊಡನೆ ದರದ ತೊಡಕು. ೧೯೮೪ರ ರೊಟ್ಟಿಯ ಪಾಠವನ್ನು ಅಲ್ಲಿನ ಯಾವ ಸರಕಾರವೂ ಮರೆತಿಲ್ಲ. ಬಡವನ ತಟ್ಟೆಯ ರೊಟ್ಟಿಯಂತೆಯೇ ಬಡವನ ಕೈಯ ಪ್ರಯಾಣದ ಚೀಟಿಯ ಬೆಲೆಯನ್ನೂ ಮುಟ್ಟಲು ಅಂಜಿಕೆ. ದರ ಅಗ್ಗ, ವಿದ್ಯಾರ್ಥಿಗಳಿಗೆ ಇನ್ನೂ ಅಗ್ಗ, ಚೀಟಿಯನ್ನೇ ಕೊಳ್ಳದೆ ಹತ್ತುವವರೂ ಕಡಮೆಯಿಲ್ಲ. ಖರ್ಚಿಗೂ ವರಮಾನಕ್ಕೂ ನಡುವಣ ಕಂದರವನ್ನು ಸರಕಾರ ತುಂಬಬೇಕು. ಸರಕಾರದ ಕೈಯೇ ಬಿಗಿ. ನಷ್ಟ ವರ್ಷದಿಂದ ವರ್ಷಕ್ಕೆ ಬೆಳೆಯಿತು.

ಅಗ್ಗದ ದರವನ್ನು ಮಾತ್ರ ನಾನು ಹಳಿಯಲಾರೆ. ಎರಡು ಮನೆಗಳಲ್ಲಿ ಮುಸುರೆ ತಿಕ್ಕಿ ಮಗಳನ್ನು ಕಾಲೇಜಿಗೆ ಕಳಿಸುವ ತಾಯಿಗೆ ಅದು ಭಿಕ್ಷೆಯಲ್ಲ, ಊರುಗೋಲು. ಆದರೆ ಆ ತಾಯಿಯ ಲೆಕ್ಕವನ್ನೇ ಇನ್ನೊಂದಿಷ್ಟು ಮುಂದುವರಿಸಿ ನೋಡಬೇಕು. ಚೀಟಿಗೆ ಕೊಟ್ಟ ಕಾಸು ಸ್ವಲ್ಪವೇ ಸರಿ. ಬಂಡಿ ಬಾರದೆ ಅರ್ಧ ಗಂಟೆ ಕಾದರೆ ಆ ಅರ್ಧ ಗಂಟೆ ಯಾರ ಗಂಟು? ತಡವಾಗಿ ಹೋದುದಕ್ಕೆ ಯಜಮಾನಿತಿ ಕಡಿದ ಸಂಬಳ ಯಾರ ಲೆಕ್ಕಕ್ಕೆ? ಸಂಜೆ ಕತ್ತಲಾದ ಮೇಲೆ ಮಗಳು ಇನ್ನೂ ಮನೆಗೆ ಬರಲಿಲ್ಲವಲ್ಲಾ ಎಂದು ಬಾಗಿಲಲ್ಲಿ ನಿಂತು ತೆತ್ತ ಕಳವಳಕ್ಕೆ ಯಾವ ಚೀಟಿ? ಹಣದಲ್ಲಿ ಕೊಡದ ಬೆಲೆಯನ್ನು ಹೊತ್ತಿನಲ್ಲಿ ಕೊಡಬೇಕಾಗುತ್ತದೆ. ಹೊತ್ತು ಬಡವರಲ್ಲಿ ಹೇರಳವಾಗಿದೆಯೆಂದು ತಿಳಿಯುವುದು ಉಳ್ಳವರ ಭ್ರಾಂತಿ. ಉಳ್ಳವರಾದರೋ ಬೇಸತ್ತು ಕಾರು ಕೊಳ್ಳುತ್ತಾರೆ; ಕಾರು ಬೀದಿಯನ್ನು ತುಂಬಿ ಬಂಡಿಯ ದಾರಿಗೆ ಅಡ್ಡವಾಗುತ್ತದೆ; ಬಂಡಿ ಇನ್ನಷ್ಟು ತಡವಾಗುತ್ತದೆ. ಇಂದು ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿ ಜನರಿರುವ ಆ ಮಹಾನಗರದಲ್ಲಿ ಈ ಸಣ್ಣ ತಡ ಎಷ್ಟು ಮನೆಗಳ ಬಾಗಿಲನ್ನು ಮುಟ್ಟುವುದೆಂಬುದನ್ನು ಊಹಿಸಬಹುದು.

ಯಂತ್ರಕ್ಕೆ ವಯಸ್ಸಾದರೆ ಯಾರೇನು ಮಾಡಲಾದೀತು ಎಂಬ ಮಾತೂ ಉಂಟು. ಅದಕ್ಕೆ ಉತ್ತರ ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿದೆ. ಟ್ಯೂನಿಸಿನ ಬಂಡಿಗಳ ಜ್ಞಾತಿಗಳಾದ ಹ್ಯಾನೋವರಿನ ಬಂಡಿಗಳನ್ನು ಆ ನಗರದವರು ಸಾಕು ಮಾಡಿದಾಗ, ೨೦೦೧ರಿಂದ ಮೊದಲ್ಗೊಂಡು ಬುಡಾಪೆಸ್ಟಿನವರು ಅವುಗಳಲ್ಲಿ ಹಲವನ್ನು ಕೊಂಡು ತಮ್ಮ ಬೀದಿಗಳಲ್ಲಿ ಓಡಿಸಿದರು. ಒಂದು ಊರಿನಲ್ಲಿ ಕಾಲು ಶತಮಾನ ದುಡಿದ ಯಂತ್ರ ಇನ್ನೊಂದು ಊರಿನಲ್ಲಿ ಎರಡನೆಯ ಬಾಳನ್ನು ಕಂಡಿತು. ಉಕ್ಕಿಗೆ ಮುಪ್ಪು ವರ್ಷದಿಂದ ಬರುವುದಕ್ಕಿಂತ ಅಲಕ್ಷ್ಯದಿಂದ ಬೇಗ ಬರುತ್ತದೆ. ರಾತ್ರಿ ಬಂಡಿಗಳೆಲ್ಲ ಕೊಟ್ಟಿಗೆ ಸೇರಿದ ಮೇಲೆ ದೀಪ ಹಿಡಿದು ಗಾಲಿಯನ್ನು ತಟ್ಟಿ ನೋಡುವ ಕೆಲಸಗಾರನೊಬ್ಬನಿರುತ್ತಾನಲ್ಲ, ನಗರದ ಸಾರಿಗೆ ನಿಂತಿರುವುದು ಅವನ ಕೈಯ ಮೇಲೆ. ಹೊಸ ದಾರಿಯ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಪಟ್ಟಿ ಕತ್ತರಿಸುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಸವೆದ ಗಾಲಿಯೊಂದನ್ನು ಸಕಾಲದಲ್ಲಿ ಬದಲಿಸಿದ ದಿನ ಯಾರ ಚಿತ್ರವೂ ಬರುವುದಿಲ್ಲ. ಹೀಗಾಗಿ ಮೊದಲನೆಯದಕ್ಕೆ ಹೇಗೋ ಹಣ ಹುಟ್ಟುತ್ತದೆ, ಎರಡನೆಯದಕ್ಕೆ ನಾಳೆಯೆನ್ನುತ್ತಾರೆ. ಟ್ಯೂನಿಸಿನಲ್ಲಿಯೂ, ಬಹುಕಾಲ ಕಾಯಿಸಿದ ಮೇಲೆ, ೨೦೨೩ರ ಮಾರ್ಚಿಯಲ್ಲಿ ಹೊಸ ವೇಗದ ಉಪನಗರ ರೈಲೊಂದರ ಮೊದಲ ತುಂಡು ತೆರೆಯಿತು. ಸಂತೋಷದ ವಿಷಯವೇ. ಆದರೆ ಹೊಸ ಸೊಸೆಗೆ ಆರತಿ ಎತ್ತುವ ಸಂಭ್ರಮದಲ್ಲಿ, ಮೂವತ್ತೆಂಟು ವರ್ಷ ಮನೆ ನಡೆಸಿದ ಹಿರಿಯಳ ಔಷಧಿಯ ಚೀಟಿ ಕಳೆದುಹೋಗಬಾರದು.

ಇಬ್ನ್ ಖಲ್ದೂನನ ನಾಲ್ಕನೆಯ ಮನುಷ್ಯನನ್ನು ಕುರಿತು ನಾನು ಅನೇಕ ಸಲ ಯೋಚಿಸಿದ್ದೇನೆ. ಅವನು ದುಷ್ಟನಲ್ಲ, ಸೋಮಾರಿಯೂ ಆಗಿರಬೇಕಾಗಿಲ್ಲ. ಅವನಿಗೆ ಬೆಲೆ ಗೊತ್ತಿಲ್ಲ, ಅಷ್ಟೆ. ಕಂಬಿ ಎಂದಿನಿಂದಲೋ ಬೀದಿಯಲ್ಲಿ ಇತ್ತೆಂದೂ, ಬಂಡಿ ಮಳೆಯಂತೆ ತಾನಾಗಿ ಬರುವುದೆಂದೂ, ಬಾರದಿದ್ದರೆ ಶಪಿಸಿದರೆ ಸಾಕೆಂದೂ ಅವನ ನಂಬಿಕೆ. ಟ್ಯೂನಿಸ್ ಇನ್ನೂ ನಾಲ್ಕನೆಯವನ ಕಾಲಕ್ಕೆ ಬಂದಿಲ್ಲ. ರೊಟ್ಟಿಯ ಗಲಭೆಯನ್ನು ಕಂಡವರು, ಮೊದಲ ಬಂಡಿಯ ಮೊದಲ ದಿನದ ಪ್ರಯಾಣಿಕರು, ಇನ್ನೂ ಆ ಊರಿನಲ್ಲಿದ್ದಾರೆ. ಅವರ ಬಾಯಿಂದ ಕೇಳಿದ ಮಕ್ಕಳು ಇಂದು ಕಚೇರಿಗಳಲ್ಲಿ ಕುಳಿತಿದ್ದಾರೆ. ಲೆಕ್ಕದ ಪ್ರಕಾರ ಇದು ಎರಡನೆಯವನ ಸರದಿ. ಬಲ್ಲವನ ಕೈಯಲ್ಲಿ ಇರುವಾಗಲೇ ವಸ್ತುವನ್ನು ಸರಿಪಡಿಸಿಕೊಳ್ಳಬೇಕು. ಅರಿಯದವನ ಕೈಗೆ ಹೋದ ಮೇಲೆ ಅದೂ ೧೯೬೦ರ ಟ್ರಾಮಿನಂತೆ ಮೂಲೆ ಸೇರೀತು. ಕಿತ್ತ ಕಂಬಿಯನ್ನು ಮತ್ತೆ ಹಾಸಲು ಆ ಊರಿಗೆ ಹಿಂದೊಮ್ಮೆ ಕಾಲು ಶತಮಾನ ಹಿಡಿದಿತ್ತು.

ನಮ್ಮ ಮನೆಗಳಲ್ಲಿಯೂ ಬಾವಿಯ ರಾಟೆಗೆ ಎಣ್ಣೆ ಬಿಡುತ್ತಿದ್ದ ಅಜ್ಜಿಯೊಬ್ಬಳಿರುತ್ತಿದ್ದಳು. ಅವಳು ಇರುವಷ್ಟು ದಿನ ರಾಟೆಯ ಸದ್ದು ಯಾರ ಕಿವಿಗೂ ಬಿದ್ದುದಿಲ್ಲ. ಆದುದರಿಂದ ಎಣ್ಣೆ ಬಿಡುವುದೊಂದು ಕೆಲಸವೆಂದೇ ಯಾರಿಗೂ ತೋಚಿದುದಿಲ್ಲ. ಊರು ದೊಡ್ಡದಾದರೂ, ರಾಟೆ ವಿದ್ಯುತ್ತಿನದಾದರೂ, ಧರ್ಮ ಅದೇ. ಟ್ಯೂನಿಸಿನ ಬಂಡಿಯನ್ನು ಹಗುರವೆಂದು ಕರೆದವರು ಅದು ಹೊರುವ ಹೊರೆ ಹಗುರವೆಂದು ಎಲ್ಲಿಯೂ ಹೇಳಿರಲಿಲ್ಲ. ಇಂದು ಬೆಳಗ್ಗೆಯೂ ಇಂತಿಲಾಕದ ಕಟ್ಟೆಯ ಮೇಲೆ ಜನ ಕಂಬಿಯ ಕಡೆ ನೋಡುತ್ತ ನಿಂತಿರುತ್ತಾರೆ. ಬಂಡಿ ಬಂದೊಡನೆ ಒತ್ತಿಕೊಂಡು ಹತ್ತುತ್ತಾರೆ. ಅವರಿಗೆ ಬೇಕಾದುದು ಇಷ್ಟೇ: ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಬೇಕು, ಸಂಜೆ ಬೆಳಕಿರುವಾಗ ಮನೆ ಸೇರಬೇಕು.